ದೊರೆಯ ಬರಿಗಾಲು

ಮಾತು ಬೇರೆಯವರು ಆಡಿಯಾಗಿತ್ತು, ಹಾಡು ಬೇರೆಯವರು ಹಾಡಿಯಾಗಿತ್ತು. ನಮಗೆ ಉಳಿದಿದ್ದು ಕಾಲು.

ಸಿನಿಮಾ ಹಳೆಯದು, ನಮ್ಮಪ್ಪ ಹುಟ್ಟುವುದಕ್ಕೂ ಮೊದಲಿನದು. ಎಲ್ಲೆಲ್ಲೋ ಹೆಸರು ಮಾಡಿ, ಬಹುಮಾನ ಗಿಹುಮಾನ ಹೊಡೆದುಕೊಂಡು, ಮುದಿಯಾದ ಮೇಲೆ ನಮ್ಮ ಭಾಷೆಗೆ ಬರುತ್ತಿತ್ತು. ಟೀವಿಯವರು ಕೊಂಡಿದ್ದರು. ಕಥೆ ಇಷ್ಟೇ: ಒಂದು ದ್ವೀಪ, ಅದಕ್ಕೊಬ್ಬ ದೊರೆ. ಆ ದ್ವೀಪದ ನಕ್ಷೆ ಬರೆಯಲು ಪರದೇಶದಿಂದ ಒಬ್ಬ ಹೆಂಗಸು ಹಡಗಿನಲ್ಲಿ ಬಂದಿಳಿಯುತ್ತಾಳೆ. ನಕ್ಷೆ ಬರೆದರೆ ದಾರಿ ಕಂಡಕಂಡವರಿಗೆಲ್ಲ ತಿಳಿದುಬಿಡುತ್ತದೆಂದು ಅವನು ಅಡ್ಡಗಾಲು ಹಾಕುತ್ತಾನೆ. ಜಗಳವಾಡುತ್ತಾರೆ, ಜಗಳಕ್ಕೊಂದು ಹಾಡು. ಆಮೇಲೆ ಒಬ್ಬರ ರೀತಿ ಇನ್ನೊಬ್ಬರಿಗೆ ಅರ್ಥವಾಗುತ್ತದೆ, ಅದಕ್ಕೂ ಒಂದು ಹಾಡು. ಕೊನೆಗೆ ಅರಮನೆಯ ಹಜಾರದಲ್ಲಿ ಇಬ್ಬರೂ ಕೈ ಹಿಡಿದು ಕುಣಿಯುತ್ತಾರೆ. ಅವನು ಬರಿಗಾಲಲ್ಲಿ, ಅವಳು ಎತ್ತರದ ಹಿಮ್ಮಡಿಯ ಶೂ ಹಾಕಿಕೊಂಡು. ಮದುವೆ ಗಿದುವೆ ಇಲ್ಲ. ಅವಳು ಹಡಗು ಹತ್ತುತ್ತಾಳೆ, ಅವನು ದಡದಲ್ಲಿ ನಿಲ್ಲುತ್ತಾನೆ, ನೋಡುವವರು ಮೂಗು ಒರೆಸಿಕೊಳ್ಳುತ್ತಾರೆ.

ನಾನು ಒರೆಸಿಕೊಳ್ಳಲಿಲ್ಲ. ದೊರೆಯ ಕುತ್ತಿಗೆ ನೋಡುತ್ತಿದ್ದೆ. ಮುಖಕ್ಕೆ ಬಳಿದ ಕಂದು ಬಣ್ಣ ಕಿವಿಯ ಹಿಂದೆ ಮುಗಿದುಹೋಗಿತ್ತು. ಆ ಹೆಂಗಸಿನ ದೇಶದವನೊಬ್ಬನನ್ನೇ ಹಿಡಿದು, ಬಣ್ಣ ಬಳಿದು, ದ್ವೀಪದವನನ್ನಾಗಿ ಮಾಡಿದ್ದರು. ಎರಡು ಜನಾಂಗದವರ ನಡುವಿನ ಗೌರವದ ಕಥೆಯಂತೆ. ಗೌರವಿಸಬೇಕಾದವರನ್ನು ಬಾಗಿಲೊಳಗೇ ಬಿಟ್ಟುಕೊಂಡಿರಲಿಲ್ಲ.

ಕೆಲಸ ಗೊತ್ತಿಲ್ಲದವರಿಗೆ ಹೇಳಬೇಕು. ಭಾಷೆ ಬದಲಿಸುವಾಗ ಹಳೆಯ ಮಾತಿನ ಜೊತೆ ಹೆಜ್ಜೆಯ ಸದ್ದೂ ಅಳಿಸಿಹೋಗುತ್ತದೆ. ಸಿನಿಮಾದಲ್ಲಿ ಕೇಳುವ ಹೆಜ್ಜೆ ಪರದೆಯ ಮೇಲೆ ನಡೆಯುವವರದಲ್ಲ, ಸ್ಟುಡಿಯೋದಲ್ಲಿ ನಮ್ಮಂಥವರದು. ನಮ್ಮ ಕೋಣೆಯ ನೆಲದಲ್ಲಿ ಚೌಕಾಕಾರದ ಗುಂಡಿಗಳಿವೆ. ಒಂದರಲ್ಲಿ ಮರಳು, ಒಂದರಲ್ಲಿ ಜಲ್ಲಿ, ಒಂದರಲ್ಲಿ ಮರದ ಹಲಗೆ, ಒಂದರಲ್ಲಿ ನುಣುಪು ಕಲ್ಲಿನ ಚಪ್ಪಡಿ. ಮೊಣಕಾಲೆತ್ತರಕ್ಕೆ ಮೈಕು. ಎದುರಿಗೆ ಪರದೆ, ಬೆನ್ನ ಹಿಂದೆ ಗಾಜು, ಗಾಜಿನಾಚೆ ಯಂತ್ರದ ಮುಂದೆ ಸ್ಟುಡಿಯೋ ಯಜಮಾನರು. ಪರದೆಯವನು ಕಾಲೆತ್ತಿದಾಗ ನಾವು ಎತ್ತಬೇಕು, ಅವನು ಇಟ್ಟಾಗ ಇಡಬೇಕು. ಹೊಟ್ಟೆ ಗುಡುಗುಟ್ಟಿದರೂ ಮೈಕು ಹಿಡಿಯುತ್ತದೆ, ಅದಕ್ಕೇ ಹಸಿದು ಬರುವಂತಿಲ್ಲ. ಒಂಬತ್ತನೇ ಕ್ಲಾಸಿಗೇ ಶಾಲೆಗೆ ಕೈ ಮುಗಿದು ಬಂದ ನನ್ನನ್ನು, ತಲೆ ಓಡದಿದ್ದರೆ ಬೇಡ ಕಾಲು ಓಡುತ್ತಲ್ಲ ಎಂದು ಸೇರಿಸಿಕೊಂಡವರು ನಮ್ಮ ಮೇಷ್ಟ್ರು. ಈಗ ಅವರ ಮಂಡಿ ಸವೆದು ಮನೆ ಸೇರಿದ್ದರು. ಅವರ ಜಾಗ ಖಾಲಿಯಿತ್ತು. ಒಂದೇ ಜಾಗ.

ಆ ಜಾಗ ನಮ್ಮ ಭಾವನಿಗೆ ಬೇಕಿತ್ತು. ಅಕ್ಕನ ಗಂಡ. ಶೂ ಅಂಗಡಿಯಲ್ಲಿ ಮಾರಾಟಕ್ಕಿದ್ದವನು, ಊರಿನವರ ಕಾಲು ಹಿಡಿದೇ ಬದುಕಿದವನು ಎಂದು ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುತ್ತಿದ್ದ. ಅಂಗಡಿ ಮುಚ್ಚಿತು. ಆಮೇಲೆ ಆ ಗೇಲಿಯೂ ನಿಂತಿತು. ನಾನು ಇರುವುದು ಅವರ ಮನೆಯ ಮುಂದಿನ ಕೋಣೆಯಲ್ಲಿ, ಉಣ್ಣುವುದು ಅಕ್ಕನ ಅಡುಗೆ. ಭಾವನನ್ನು ಸೇರಿಸಿಕೊಳ್ಳಿ ಎಂದು ನಾನು ಯಜಮಾನರನ್ನು ಕೇಳಿಯೂ ಆಗಿತ್ತು. ಅವರು ಇಲ್ಲವೆನ್ನಲಿಲ್ಲ. ಆದರೆ ಅಷ್ಟರಲ್ಲಾಗಲೇ ಒಬ್ಬಳನ್ನು ಪರೀಕ್ಷೆಗೆಂದು ಇಟ್ಟುಕೊಂಡಿದ್ದರು. ಈ ಸಿನಿಮಾ ಮುಗಿಸಿಕೊಟ್ಟರೆ ಅವಳು, ಮುಗಿಸದಿದ್ದರೆ ನಿಮ್ಮ ಭಾವ, ಎಂದರು.

ಅವಳು ಗಡಿಯಾಚೆಯವಳು. ನಮ್ಮ ಭಾಷೆಯನ್ನು ಮನೆಗೆಲಸ ಮಾಡುತ್ತಾ ಕಲಿತವಳು. ಇಲ್ಲಿ ಕೆಲಸ ಕಾಯಂ ಆದರೆ ಊರಲ್ಲಿ ಉಳಿಯಬಹುದು, ಇಲ್ಲವಾದರೆ ಬಂದ ದಾರಿಗೆ ಸುಂಕವಿಲ್ಲ. ಇದು ಸ್ಟುಡಿಯೋದಲ್ಲಿ ಎಲ್ಲರಿಗೂ ಗೊತ್ತಿತ್ತು, ಅವಳು ಮಾತ್ರ ಒಮ್ಮೆಯೂ ಹೇಳಿಕೊಳ್ಳಲಿಲ್ಲ. ಸದ್ದು ಮಾಡುವ ಕೆಲಸಕ್ಕೆ ಬಂದವಳು ನಡೆದರೆ ಸದ್ದೇ ಆಗುತ್ತಿರಲಿಲ್ಲ. ನಾನು ಬೆಕ್ಕು ಎಂದು ಹೆಸರಿಟ್ಟೆ. ಬೈದದ್ದೆಂದೇ ಇಟ್ಟದ್ದು, ಅವಳು ಹೊಗಳಿದ್ದೆಂದು ತಿಳಿದುಕೊಂಡಳು. ಮೊದಲ ದಿನವೇ ನನ್ನನ್ನು ತಮ್ಮ ಎಂದಳು.

"ನನಗೊಬ್ಬಳು ಅಕ್ಕ ಇದ್ದಾಳೆ. ಒಬ್ಬಳೇ ಸಾಕಾಗಿದೆ," ಎಂದೆ.

"ಆಗಲಿ ತಮ್ಮ," ಎಂದಳು.

ಕೆಲಸ ಬರುತ್ತಿತ್ತು ಅವಳಿಗೆ, ಅದೇ ತೊಂದರೆ. ಹಡಗಿನ ಹಲಗೆಯ ಮೇಲೆ, ಮರಳಿನಲ್ಲಿ, ಅರಮನೆಯ ಮೆಟ್ಟಿಲಿನಲ್ಲಿ, ನಕ್ಷೆಯ ಹೆಂಗಸು ಸಿಟ್ಟಿನಿಂದ ನಡೆದದ್ದು, ಅನುಮಾನದಿಂದ ನಡೆದದ್ದು, ಎಲ್ಲವನ್ನೂ ಬೇರೆ ಬೇರೆ ನಡೆದು ತೋರಿಸಿದಳು. ದೊರೆಯ ಬರಿಗಾಲು ನನ್ನದು. ಸಿನಿಮಾದ ದ್ವೀಪ ಅವಳ ದೇಶದ ಕಡೆಯದಂತೆ. ಗಡಿಯಾಚೆಯವಳು ಪರದೇಶದ ಹೆಂಗಸಿನ ಶೂ ಹಾಕಿಕೊಳ್ಳುವುದು, ನಾನು ಅವಳ ಕಡೆಯ ದೊರೆಯ ಕಾಲಾಗುವುದು. ಪರದೆಯ ಮೇಲಿನವನಿಗೆ ಬಣ್ಣವಾದರೂ ಬಳಿದಿದ್ದರು, ನನಗೆ ಅದೂ ಇರಲಿಲ್ಲ. ಅವನ ಕಿವಿಯ ಹಿಂದಿನ ಗೆರೆಯನ್ನು ತೋರಿಸಿದೆ. ಅವಳು ಬಗ್ಗಿ ನೋಡಿ, ಅಷ್ಟು ದೊಡ್ಡ ಸಿನಿಮಾಕ್ಕೆ ಬಣ್ಣ ಸಾಲದೇ ಹೋಯಿತೇ ಪಾಪ, ಎಂದಳು. ನನಗೆ ಬಂದಿದ್ದ ಸಿಟ್ಟಲ್ಲಿ ಅರ್ಧವೂ ಅವಳಿಗೆ ಬರಲಿಲ್ಲ. ಅದಕ್ಕೂ ನನಗೆ ಸಿಟ್ಟು ಬಂತು.

ಒಂದು ವಿಷಯವನ್ನು ನಾನು ಗಮನಿಸಿದ್ದೆ. ಇಬ್ಬರೂ ಒಟ್ಟಿಗೆ ನಡೆಯುವ ಜಾಗ ಬಂದಾಗೆಲ್ಲ, ಮೊದಲು ನೀನು ನಡೆದುಬಿಡು, ಆಮೇಲೆ ನಾನು ನಡೆಯುತ್ತೇನೆ, ಎನ್ನುತ್ತಿದ್ದಳು. ಯಜಮಾನರು ಎರಡನ್ನೂ ಆಮೇಲೆ ಸೇರಿಸಿಕೊಳ್ಳುತ್ತಿದ್ದರು. ಅಭ್ಯಾಸ ಸಾಲದ್ದಕ್ಕೆ ಹೀಗೆಂದು ನಾನು ಲೆಕ್ಕ ಹಾಕಿದ್ದೆ. ಕುಣಿತದ ದಿನ ಬರಲಿ ಎಂದು ಕಾಯುತ್ತಿದ್ದೆ. ಕುಣಿತವನ್ನು ನಮ್ಮ ಸ್ಟುಡಿಯೋದಲ್ಲಿ ಬೇರೆ ಬೇರೆ ಹಿಡಿಯುವುದಿಲ್ಲ. ಮೇಷ್ಟ್ರು ಹಾಕಿಕೊಟ್ಟ ಪದ್ಧತಿ ಅದು: ಒಂದೇ ಕಲ್ಲು, ಒಂದೇ ಮೈಕು, ಇಬ್ಬರೂ ಜೊತೆಗೆ. ಬೇರೆ ಬೇರೆ ಕುಣಿದು ಅಂಟಿಸಿದರೆ ಇಬ್ಬರು ಕುಣಿದ ಹಾಗಿರುತ್ತದೆಯೇ ಹೊರತು ಒಬ್ಬರ ಜೊತೆ ಒಬ್ಬರು ಕುಣಿದ ಹಾಗಿರುವುದಿಲ್ಲ ಎನ್ನುತ್ತಿದ್ದರು ಅವರು.

ಆ ದಿನ ಬೆಳಗ್ಗೆ ನಾನು ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತೆ. ಅವಳು ಬಟ್ಟೆಯ ಚೀಲದಿಂದ ಶೂ ತೆಗೆದಳು, ಕೈಯಲ್ಲಿ ಹಿಡಿದುಕೊಂಡು ಕಲ್ಲಿನ ಅಂಚಿನಲ್ಲೇ ನಿಂತಳು. ಪರದೆಯ ಮೇಲೆ ದೊರೆ ಕೈ ಚಾಚಿದ. ವಾದ್ಯ ಶುರುವಾಯಿತು. ಅವಳು ಕದಲಲಿಲ್ಲ.

ಯಜಮಾನರು ಸ್ಪೀಕರಿನಲ್ಲಿ ಏನಾಯಿತೆಂದು ಕೇಳಿದರು. ಅವಳು ಗಾಜಿನ ಕಡೆ ತಿರುಗಿ, ಇವನು ಬರಿಗಾಲಲ್ಲಿ ನಿಂತಿರುವ ನೆಲದ ಮೇಲೆ ನಾನು ಮೆಟ್ಟು ಮೆಟ್ಟಿಕೊಂಡು ಹತ್ತಲಾರೆ, ಎಂದಳು. ತನ್ನ ಕಡೆ ಹಾಗೆ ಮಾಡುವುದಿಲ್ಲವಂತೆ. ಹಾಕಿದರೆ ಎಲ್ಲರೂ ಹಾಕಬೇಕು, ಬಿಟ್ಟರೆ ಎಲ್ಲರೂ ಬಿಡಬೇಕು. ಒಬ್ಬರು ಬರಿಗಾಲಲ್ಲಿದ್ದಾಗ ಇನ್ನೊಬ್ಬರು ಮೆಟ್ಟಿಕೊಂಡು ನಿಂತರೆ, ನೀನು ನನ್ನ ಆಳು ಎಂದು ಬಾಯಿಬಿಟ್ಟು ಹೇಳಿದ ಹಾಗೆ.

ಇದು ಸಿನಿಮಾ ಕಣಮ್ಮ, ಎಂದರು ಯಜಮಾನರು. ಪರದೆಯ ಮೇಲೆ ಅವರು ಏನು ಬೇಕಾದರೂ ಮಾಡಿಕೊಳ್ಳಲಿ, ಕಲ್ಲಿನ ಮೇಲೆ ನಿಂತಿರುವುದು ಇವನು, ಎಂದಳು. ನನಗೆ ಸಾಕ್ಸ್ ಹಾಕಿ ನೋಡಿದರು. ದೊರೆ ಹಾಸಿಗೆಯ ಮೇಲೆ ಕುಣಿದಂತೆ ಕೇಳಿಸಿತು. ಯಜಮಾನರು ಕೂಗಾಡುವವರಲ್ಲ. ಊಟ ಮಾಡಿ ಬನ್ನಿ, ಆಮೇಲೆ ಆಗುವುದಾದರೆ ಆಗಲಿ, ಎಂದರು. ನಂತರ ನನ್ನೊಬ್ಬನನ್ನೇ ಕರೆದು, ಭಾವನಿಗೆ ಬರಲು ಹೇಳು, ಎಂದರು.

ಫೋನಿನಲ್ಲಿ ಅಕ್ಕ ಎರಡು ಸಲ ಕೇಳಿಸಿಕೊಂಡಳು. ಭಾವನಿಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಸಿ ಕಳಿಸುತ್ತೇನೆಂದಳು. ಕಾಲಿಗೆ ಇಸ್ತ್ರಿ ಮಾಡು, ಅಂಗಿ ಯಾರಿಗೆ ಕಾಣಬೇಕು, ಎಂದೆ. ಅವಳು ನಕ್ಕಳು. ಅಕ್ಕ ನಕ್ಕದ್ದನ್ನು ಕೇಳಿ ಬಹಳ ಕಾಲವಾಗಿತ್ತು.

ಬೆಕ್ಕು ಹಿಂಬಾಗಿಲ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿಕೊಂಡು ಕೂತಿದ್ದಳು. ನಾನು ಹೋಗಿ ಎದುರಿಗೆ ನಿಂತೆ. ಬುದ್ಧಿ ಹೇಳಲು ಹೋದವನಲ್ಲ, ಅವಳು ಮನಸ್ಸು ಬದಲಾಯಿಸಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಹೋದವನು. ಮನೆಗೆಲಸಕ್ಕಿದ್ದ ಮನೆಗಳಲ್ಲಿ ಏನು ಮಾಡುತ್ತಿದ್ದೆ, ಅಲ್ಲಿ ಎಲ್ಲರೂ ನಿನಗಾಗಿ ಬರಿಗಾಲಲ್ಲಿ ಓಡಾಡುತ್ತಿದ್ದರೇ, ಎಂದು ಕೇಳಿದೆ.

ಇಲ್ಲ, ಎಂದಳು. ಅವಳು ಮಂಡಿಯೂರಿ ನೆಲ ಒರೆಸುತ್ತಿದ್ದರೆ ಮನೆಯವರು ಶೂ ಹಾಕಿಕೊಂಡೇ ಪಕ್ಕದಲ್ಲಿ ಹಾದುಹೋಗುತ್ತಿದ್ದರು.

"ಆಗ ಎಲ್ಲಿ ಹೋಗಿತ್ತು ನಿಮ್ಮ ಪದ್ಧತಿ?"

"ಅವರಿಗೆ ಗೊತ್ತಿರಲಿಲ್ಲ, ತಮ್ಮ. ಗೊತ್ತಿಲ್ಲದವರು ಮಾಡಿದ್ದಕ್ಕೆ ಏನು ಮಾಡೋದು? ನನಗೆ ಗೊತ್ತಲ್ಲ. ಗೊತ್ತಿದ್ದೂ ನಿನ್ನ ಮುಂದೆ ಹಾಕ್ಕೊಂಡು ನಿಂತ್ಕೊಳ್ಳಲಾ?"

"ನಾನು ಬೇಜಾರು ಮಾಡ್ಕೊಳ್ಳಲ್ಲ."

"ನೀನು ಮಾಡ್ಕೊಳ್ಳಲ್ಲ ಅಂತ ನಾನು ಮಾಡೋಕಾಗುತ್ತಾ?"

ಅಷ್ಟು ಹೇಳಿ ಊಟ ಮುಂದುವರಿಸಿದಳು. ಕೆಲಸ ಹೋಗುತ್ತದೆಂದು ಅವಳಿಗೆ ತಿಳಿದಿತ್ತು, ನಮ್ಮ ಭಾವ ಬರುತ್ತಾನೆಂದೂ ತಿಳಿದಿತ್ತು. ನಾನು ಅಲ್ಲೇ ನಿಂತೆ. ಮೇಷ್ಟ್ರು ನನ್ನ ಕಾಲಿನ ಸದ್ದನ್ನು ತಿದ್ದಿದ್ದರು, ಯಜಮಾನರು ಅದನ್ನು ಮಾರಿದ್ದರು. ಕಾಲಿಗೆ ಮರ್ಯಾದೆ ಕೊಟ್ಟವರು ಯಾರೂ ಇರಲಿಲ್ಲ. ಕೊಟ್ಟವಳು ನಾನು ಓಡಿಸಬೇಕೆಂದಿದ್ದವಳು.

ಒಳಗೆ ಬಂದರೆ ಭಾವ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದ. ಅಂಗಿಗೆ ಇಸ್ತ್ರಿಯಾಗಿತ್ತು. ಪಕ್ಕದಲ್ಲಿ ಅವಳ ಶೂ ಇತ್ತು, ಅಭ್ಯಾಸ ಮಾಡಿಕೊಳ್ಳಲಿ ಎಂದು ಯಜಮಾನರೇ ಕೊಟ್ಟಿದ್ದರು. ಮೊದಲಿನ ಭಾಗಗಳಲ್ಲಿ ಕೇಳುವುದು ಆ ಶೂ, ಈಗ ಬೇರೆ ತರುವಂತಿರಲಿಲ್ಲ. ಭಾವನ ಹೆಬ್ಬೆರಳು ಒಂದೇ ಅದರೊಳಗೆ ಹೋಗಿ ನಿಂತಿತ್ತು.

"ಇದು ಮೂರು ಸೈಜು ಚಿಕ್ಕದಪ್ಪಾ. ಆದರೆ ಮಾಲು ಒಳ್ಳೇದು. ನೋಡಿಲ್ಲಿ."

ಅಂಗಡಿಯವರ ಚಾಳಿ ಅದು. ಗಿರಾಕಿ ಮುಂದೆ ಶೂ ಇಟ್ಟರೆ ಸಾಲದು, ಒಳಗೆ ಕೈ ತೂರಿಸಿ, ಅಂಗೈಯಲ್ಲಿ ಬಾಗಿಸಿ, ಗಾಜಿನ ಕಪಾಟಿನ ಮೇಲೆ ನಡೆಸಿ ತೋರಿಸಬೇಕು. ಭಾವ ಎರಡೂ ಕೈಗೆ ಶೂ ಹಾಕಿಕೊಂಡು ಬಗ್ಗಿ ಕಾರಿಡಾರಿನ ನೆಲದ ಮೇಲೆ ನಡೆಸಿದ. ಮೊದಲು ಹಿಮ್ಮಡಿ, ಆಮೇಲೆ ತುದಿ. ಟಕ್, ಟಪ್. ಟಕ್, ಟಪ್. ಸಂಕೋಚದ ಹೆಂಗಸೊಬ್ಬಳು ಕಾರಿಡಾರಿನಲ್ಲಿ ನಡೆದುಹೋದ ಹಾಗಿತ್ತು. ಎಷ್ಟು ಮಾರಿದ್ದೀನಿ ಇಂಥವನ್ನ, ಎಂದ. ತನ್ನ ಕೈಯಿಂದ ಏನು ಹೊರಟಿತೆಂದು ಅವನಿಗೆ ತಿಳಿದಿರಲಿಲ್ಲ.

ನನಗೆ ತಿಳಿಯಿತು. ತಿಳಿಯದವನ ಹಾಗೆ ಇದ್ದುಬಿಡಬಹುದಿತ್ತು. ಅರ್ಧ ಗಂಟೆ ಬಾಯಿ ಮುಚ್ಚಿಕೊಂಡಿದ್ದರೆ ಬೆಕ್ಕು ಹೋಗುತ್ತಿದ್ದಳು, ಭಾವನಿಗೆ ಶೂ ಹೊಂದದಿದ್ದರೂ ಯಜಮಾನರು ಏನೋ ಒಂದು ದಾರಿ ಹುಡುಕುತ್ತಿದ್ದರು, ಅಕ್ಕ ಮತ್ತೆ ಫೋನಿನಲ್ಲಿ ನಗುತ್ತಿದ್ದಳು. ಗೊತ್ತಿಲ್ಲದವರು ಮಾಡಿದರೆ ಒಂದು ಲೆಕ್ಕ. ಹಾಳಾದ ಹೆಂಗಸು ನನಗೆ ಆ ದಾರಿಯನ್ನೂ ಮುಚ್ಚಿ ಕೂತಿದ್ದಳು.

ಭಾವನ ಕೈಯಿಂದ ಶೂ ಬಿಡಿಸಿಕೊಂಡೆ. ಕೊಡಿಲ್ಲಿ, ಎಂದದ್ದಷ್ಟೇ. ಅವನು ಕೊಟ್ಟ.

ಹಿಂಬಾಗಿಲಲ್ಲಿದ್ದ ಬೆಕ್ಕು ಶೂವನ್ನೂ ನನ್ನ ಮುಖವನ್ನೂ ನೋಡಿದಳು. ಕೈಗೆ ಹಾಕಿಕೊಂಡರೆ ನಿಮ್ಮ ಕಡೆ ಅದೂ ತಪ್ಪೇ, ಎಂದು ಕೇಳಿದೆ. ಶೂವನ್ನು ಕೈಯಲ್ಲಿ ಹೊರಳಿಸಿ ನೋಡಿದಳು. ಕಾಲಿಗೆ ಹಾಕಿದರೆ ಮೆಟ್ಟು, ಕೈಗೆ ಹಾಕಿದರೆ ಸಾಮಾನು, ಎಂದು ತೀರ್ಮಾನಿಸಿದಳು. ಒಳಗೆ ಬಂದು, ಬರಿಗಾಲಲ್ಲಿ ಕಲ್ಲು ಹತ್ತಿ, ಮಂಡಿಯೂರಿ, ಕೈಗೆ ತೊಟ್ಟುಕೊಂಡಳು. ಯಜಮಾನರು ಗಾಜಿನ ಹಿಂದೆ ಹಣೆ ಗಂಟಿಕ್ಕಿದರು, ಬೇಡವೆನ್ನಲಿಲ್ಲ.

ವಾದ್ಯ ಶುರುವಾಯಿತು. ನಾನು ನಿಂತು ಕುಣಿದೆ, ಅವಳು ನನ್ನ ಕಾಲ ಬಳಿ ಬಗ್ಗಿ ಕೈ ಕುಣಿಸಿದಳು. ಸದ್ದು ಸರಿಯಿತ್ತು, ಯಜಮಾನರು ಹೆಬ್ಬೆರಳು ಎತ್ತಿದರು. ಪರದೆ ನೋಡಬೇಕಾದವನು ನಾನು ಒಮ್ಮೆ ಕೆಳಗೆ ನೋಡಿದೆ. ಅವಳ ಬೆನ್ನು ಕಂಡಿತು, ನೆಲಕ್ಕೆ ಒತ್ತಿದ ಎರಡು ಕೈ ಕಂಡವು. ನೆಲ ಒರೆಸುವವಳು ಕಂಡಳು. ಪಕ್ಕದಲ್ಲಿ ಹಾದುಹೋಗುತ್ತಿದ್ದವನು ನಾನು.

ನಿಲ್ಲಿಸಿದೆ.

"ಚೆನ್ನಾಗೇ ಹೋಗ್ತಿತ್ತಲ್ಲಯ್ಯಾ. ಏನಾಯ್ತು ನಿನಗೆ?" ಸ್ಪೀಕರಿನಲ್ಲಿ ಯಜಮಾನರು.

ನಾನು ಅವಳೆದುರು ಮಂಡಿಯೂರಿ ಕೂತೆ. ಅಂಗೈ ಎರಡನ್ನೂ ಕಲ್ಲಿನ ಮೇಲೆ ಇಟ್ಟೆ. ಬರಿಯ ಅಂಗೈ ಬರಿಗಾಲಿನಷ್ಟೇ ಚೆನ್ನಾಗಿ ಕೇಳುತ್ತದೆ, ಆದರೆ ಮೈಭಾರ ಬಿಡಬೇಕು, ಇಲ್ಲದಿದ್ದರೆ ದೊರೆಗೆ ಮೈಯೇ ಇಲ್ಲವೆನಿಸುತ್ತದೆ. ಭಾರ ಬಿಡಬೇಕಾದರೆ ಮುಂದಕ್ಕೆ ವಾಲಬೇಕು. ಅವಳೂ ವಾಲಿದ್ದಳು. ಹಣೆಗೆ ಹಣೆ ಢಿಕ್ಕಿ ಹೊಡೆಯಿತು.

"ಇದೇನು ಕುಣಿತವೋ, ಟಗರು ಕಾಳಗವೋ?" ಎಂದರು ಯಜಮಾನರು. ಬೆಕ್ಕಿಗೆ ನಗು ತಡೆಯಲಾಗದೆ ಅವರು ಮೂರು ಸಲ ಮೊದಲಿನಿಂದ ಶುರು ಮಾಡಬೇಕಾಯಿತು.

ನಾಲ್ಕನೆಯದು ಸಿಕ್ಕಿತು. ದೊರೆ ಹೆಜ್ಜೆಯಿಡಲು ಅಂಜುತ್ತಿದ್ದ, ನನ್ನ ಅಂಗೈ ಅಂಜಿತು. ನಕ್ಷೆಯ ಹೆಂಗಸು ಅವನನ್ನು ಎಳೆದುಕೊಂಡು ಹೊರಟಳು, ಶೂ ಮುಂದೆ ಹೋಯಿತು, ನನ್ನ ಕೈ ಹಿಂದೆ ಹೋಯಿತು. ಸುತ್ತು ಹೆಚ್ಚಿತು. ನಮ್ಮಿಬ್ಬರ ಕಣ್ಣೂ ಪರದೆಯ ಮೇಲೆ, ಕೈಗಳು ಕಲ್ಲಿನ ಮೇಲೆ ತಮ್ಮ ಪಾಡಿಗೆ ಒಂದನ್ನೊಂದು ಸುತ್ತುತ್ತಿದ್ದವು. ಕೊನೆಯ ಸುತ್ತಿನಲ್ಲಿ ನಾನು ಪರದೆಯ ಹೆಜ್ಜೆ ಬಿಟ್ಟು ವಾದ್ಯದ ತಾಳದ ಹಿಂದೆ ಹೋದೆ, ಹೊಸಬರು ಮಾಡುವ ತಪ್ಪು. ಬೆಕ್ಕಿನ ಕೈಯ ಶೂವಿನ ಹಿಮ್ಮಡಿ, ಮೈಭಾರವೆಲ್ಲ ಸೇರಿ, ನನ್ನ ಉಂಗುರದ ಬೆರಳಿನ ಮೇಲೆ ಇಳಿಯಿತು.

ಬಾಯಿ ಬಿಡುವಂತಿಲ್ಲ, ಮೈಕು ತೆರೆದಿತ್ತು. ಅವಳ ಕೈ ಗಾಳಿಯಲ್ಲೇ ನಿಂತಿತು, ಕಣ್ಣು ಅಗಲವಾಯಿತು. ನಾನು ಇನ್ನೊಂದು ಅಂಗೈಯಿಂದ ಕಲ್ಲನ್ನು ಒಮ್ಮೆ ಮೆಲ್ಲಗೆ ತಟ್ಟಿದೆ, ಬಾ ಎನ್ನುವ ಹಾಗೆ. ಅವಳು ಬಂದಳು. ಕುಣಿತ ಮುಗಿಯಿತು.

ಯಜಮಾನರು ತಿರುಗಿಸಿ ಕೇಳಿದರು. ಅಲ್ಲೊಂದು ಕಡೆ ಹೆಜ್ಜೆ ತಡವರಿಸಿದೆ, ಎಂದರು. ಇನ್ನೊಮ್ಮೆ ಕೇಳಿ, ಇರಲಿ ಬಿಡಿ, ಅವರು ಮೊದಲ ಸಲ ಜೊತೆಗೆ ಕುಣಿಯುವವರು ತಾನೇ, ಎಂದರು. ಬೆಕ್ಕಿಗೆ ನಾಳೆಯಿಂದ ಕಾಯಂ ಎಂದೂ ಅದೇ ಉಸಿರಿನಲ್ಲಿ ಹೇಳಿದರು. ಅವಳು ಅತ್ತ ಕಡೆ ನೋಡದೆ, ಶೂ ಕಳಚಿ, ನನ್ನ ಬೆರಳು ಹಿಡಿದು ಉಗುರು ನೋಡುತ್ತಿದ್ದಳು. ಕಪ್ಪಾಗುತ್ತೆ ತಮ್ಮ, ಎಂದಳು. ಹೂಂ ಅಕ್ಕ, ಎಂದುಬಿಟ್ಟೆ.

ಬಾಗಿಲಿನ ಚಿಕ್ಕ ಗಾಜಿನಲ್ಲಿ ಭಾವನ ಮುಖವಿತ್ತು. ಎಷ್ಟು ಹೊತ್ತಿನಿಂದ ನೋಡುತ್ತಿದ್ದನೋ. ಹೊರಗೆ ಬಂದಾಗ ಅವನು ಮೊದಲು ಕೇಳಿದ್ದು, ಶೂ ಕೈಗೆ ಹಾಕೋದು ನನ್ನನ್ನು ನೋಡಿ ತಾನೇ ಹೊಳೆದದ್ದು, ಎಂದು. ಹೌದೆಂದೆ. ಅವನಿಗೆ ಒಂದು ಕ್ಷಣ ಹೆಮ್ಮೆಯಾದದ್ದು ಕಂಡಿತು. ಆಮೇಲೆ ಬಸ್ಸಿನಲ್ಲಿ ಮನೆಯವರೆಗೂ ಕಿಟಕಿಯಾಚೆ ನೋಡುತ್ತಿದ್ದ. ಮನೆಯಲ್ಲಿ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಅಕ್ಕನಿಗೆ ಹೇಳಿದ, ತನ್ನ ಬುದ್ಧಿವಂತಿಕೆಯನ್ನೂ ಸೇರಿಸಿ.

ಅಕ್ಕ ನನ್ನೊಡನೆ ಮಾತು ಬಿಟ್ಟಳು. ಊಟ ಬಿಡಿಸಲಿಲ್ಲ. ತಟ್ಟೆ ಕುಕ್ಕುತ್ತಿದ್ದಳು, ಲೋಟ ಕುಕ್ಕುತ್ತಿದ್ದಳು, ಸೌಟಿನಲ್ಲಿ ಪಾತ್ರೆಯ ಅಂಚಿಗೆ ಹೊಡೆಯುತ್ತಿದ್ದಳು. ಅವಳ ಬೈಗುಳವೆಲ್ಲ ಆ ಸದ್ದಿನಲ್ಲೇ ಇರುತ್ತಿತ್ತು, ಒಂದೂ ಜಾಗ ತಪ್ಪುತ್ತಿರಲಿಲ್ಲ. ಭಾವನಿಗೆ ಒಂದು ಗೋದಾಮಿನಲ್ಲಿ ಮೂಟೆ ಎಣಿಸುವ ಕೆಲಸ ಸಿಕ್ಕಿತು, ಕಾಯಂ ಅಲ್ಲ. ನನ್ನ ಉಗುರು ಕಪ್ಪಾಯಿತು, ಉದುರಿತು, ಹೊಸದು ಅರ್ಧ ಬಂತು. ತಟ್ಟೆ ಕುಕ್ಕುವುದು ನಿಲ್ಲಲಿಲ್ಲ.

ಸಿನಿಮಾ ಟೀವಿಯಲ್ಲಿ ಬಂದ ಸಂಜೆ ನಾನು ನೋಡಬೇಕೆಂದಿರಲಿಲ್ಲ. ಹಾಕಿದವನು ಭಾವ. ಅಕ್ಕ ಬಟ್ಟೆ ಮಡಚುತ್ತಾ ಬೆನ್ನು ಹಾಕಿ ಕೂತಳು. ಹಾಡು ಬಂತು, ಜಗಳ ಬಂತು. ಕುಣಿತ ಬರುವಷ್ಟರಲ್ಲಿ ಬಟ್ಟೆ ಅವಳ ಮಡಿಲಲ್ಲಿ ಹಾಗೇ ಇತ್ತು, ಮುಖ ಟೀವಿಯ ಕಡೆ ತಿರುಗಿತ್ತು. ಭಾವ ಶೂವಿನ ಸದ್ದು ಕೇಳಿ, ಮಾಲು ನೋಡು ಹೇಗಿದೆ, ಎಂದ. ಅಕ್ಕ ಅವನನ್ನು ಸುಮ್ಮನಿರಿಸಿದಳು. ತಪ್ಪು ಹುಡುಕುವವರ ಹಾಗೆ ಕಿವಿಗೊಟ್ಟು ಕೇಳುತ್ತಿದ್ದಳು.

ಕೊನೆಯ ಸುತ್ತು ಬಂತು. ಪರದೆಯ ಮೇಲೆ ದೊರೆ ನಗುತ್ತಿದ್ದ.

"ಅಲ್ಲಿ ಅವನ ಕಾಲು ತುಳಿದಳು," ಎಂದಳು ಅಕ್ಕ.

ಭಾವ, ಎಲ್ಲಿ, ನನಗೇನೂ ಕಾಣಲಿಲ್ಲ, ಎಂದ. ಕಾಣುವುದಲ್ಲ ಅದು. ಅಕ್ಕ ನನ್ನ ಕೈಯನ್ನು ನೋಡುತ್ತಿದ್ದಳು, ಅರ್ಧ ಉಗುರಿನ ಬೆರಳನ್ನು.

"ನೋವಾಯ್ತಾ?"

"ಆಯ್ತು."

"ಆಗಬೇಕಾದ್ದೇ," ಎಂದು ಎದ್ದು ಒಳಗೆ ಹೋದಳು.

ಪರದೆಯ ಮೇಲೆ ಹಡಗು ಹೊರಟಿತ್ತು. ಭಾವ ಮೂಗು ಒರೆಸಿಕೊಳ್ಳುತ್ತಿದ್ದ. ಅಡುಗೆಮನೆಯಲ್ಲಿ ಅಕ್ಕ ನನ್ನ ತಟ್ಟೆಯನ್ನು ಕುಕ್ಕದೆ ಇಟ್ಟ ಸದ್ದಾಯಿತು. ಮೈಕಿಗೂ ಸಿಗುವಷ್ಟು ಇರಲಿಲ್ಲ.